ಒಂದಾದ ಮೇಲೆ ಐದು

“ಒಂದಿಲ್ಲೊಂದು ದಿನ ನಿಮ್ಮನ್ನ ಈ ಗಾಡ್ಯಾಗ ಕೂಡಿಸಿಕೊಂಡು ಸಾರನಾಥಕ್ಕ ಹೋಗಿ ಬರೂದ ನೋಡ್ರಿ, ಅಮ್ಮಾರ” ಎಂದು ಅನ್ನದಾನಯ್ಯ ತಾರಾದೇವಿಗೆ ಮಾತು ಕೊಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಆ ದಿನ ಇವತ್ತೇ ಎಂದು ನಿಶ್ಚಯವಾಗಿತ್ತು. ಗಾಡಿ ಮಾತ್ರ ಚಾಲೂ ಆಗುತ್ತಿರಲಿಲ್ಲ.

ಕೀಲಿ ತಿರುಗಿಸಿದರೆ ಇಂಜಿನ್ ಗರಗರ ಸುತ್ತುತ್ತಿತ್ತು, ಇನ್ನೇನು ಹಿಡಿದುಕೊಂಡಿತು ಎನ್ನುವಷ್ಟರಲ್ಲಿ ಸೈಲೆನ್ಸರಿನಿಂದ ಢಬ್ಬೆಂದು ಸಿಡಿದು ಸುಮ್ಮನಾಗುತ್ತಿತ್ತು. ಒಂದೊಂದು ಸಿಡಿತಕ್ಕೂ ಕಾಶಿಯ ಆ ಮಠದ ಹಿಂದಿನ ಅಂಗಳದ ಪಾರಿವಾಳಗಳು ಒಟ್ಟಾಗಿ ಎದ್ದು, ಒಂದು ಸುತ್ತು ಹಾರಿ, ಮತ್ತೆ ಶೆಡ್ಡಿನ ತಗಡಿನ ಮೇಲೆ ಬಂದು ಕೂರುತ್ತಿದ್ದವು. ಐದಾರು ಸಲ ಆದಮೇಲೆ ಅವೂ ಹಾರುವುದನ್ನು ಬಿಟ್ಟವು.

“ನಿನ್ನೆ ಸಂಜಿಗೆ ಛಲೋ ಇತ್ತಲ್ಲಪಾ” ಎಂದರು ಮಠದ ಅರ್ಚಕ ಮಹಾಂತಯ್ಯ. ಸ್ನಾನ ಮಾಡಿ, ವಿಭೂತಿ ಧರಿಸಿ, ತೆಂಗಿನಕಾಯಿ ಹಿಡಿದು ಏಳು ಗಂಟೆಯಿಂದ ನಿಂತೇ ಇದ್ದರು. ಗಾಡಿ ಅಲುಗಾಡಿದರೆ ಒಡೆಯಬೇಕು.

“ಛಲೋ ಇತ್ರಿ ಅಯ್ಯಾರ. ಅದ ತಿಳೀವಲ್ದು.”

ತಿಳಿಯದೆ ಇರುವುದಕ್ಕೆ ಅನ್ನದಾನಯ್ಯ ಗಾಡಿಗೆ ಹೊಸಬನೇನಲ್ಲ. ರೈಲ್ವೆ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಕ್ ಇಂಜಿನ್ನುಗಳ ನಡುವೆ ವಯಸ್ಸು ಸವೆಸಿದವನು. ಆದರೆ ಅಲ್ಲಿಯ ಕರೆಂಟು ಹೇಳಿದ ಹಾಗೆ ಕೇಳುತ್ತಿತ್ತು. ಇದು ಐವತ್ತೆರಡನೇ ಇಸವಿಯ ಇಂಗ್ಲಿಷ್ ಗಾಡಿ, ಆರು ಸಿಲಿಂಡರಿನದು. ಹಿಂದಿನ ಸ್ವಾಮಿಗಳಿಗೆ ಯಾವನೋ ಭಕ್ತ ಕಾಣಿಕೆಯಾಗಿ ಕೊಟ್ಟದ್ದು. ತಾರಾದೇವಿಯ ಗಂಡ ಶಿವಬಸಯ್ಯ ನಲವತ್ತು ವರ್ಷ ಅದನ್ನು ಓಡಿಸಿದ, ಅಂದರೆ ಅರ್ಧ ಓಡಿಸಿದ, ಅರ್ಧ ತಳ್ಳಿಸಿದ. ಅವನು ತೀರಿಕೊಂಡ ವರ್ಷವೇ ಅದು ತಾಡಪತ್ರಿಯ ಕೆಳಗೆ ಸೇರಿತ್ತು.

ಹತ್ತೊಂಬತ್ತು ವರ್ಷದ ಹಿಂದೆ ಗದಗಿನ ಕಡೆಯಿಂದ ನೌಕರಿಗೆಂದು ಬಂದ ಹೊಸದರಲ್ಲಿ ಅನ್ನದಾನಯ್ಯನಿಗೆ ಕಾಮಾಲೆಯಾಗಿತ್ತು. ಬಂಗಾಲಿ ಟೋಲಾದ ಲಾಡ್ಜಿನಲ್ಲಿ ಹಳದಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದವನನ್ನು ಶಿವಬಸಯ್ಯ ಎತ್ತಿಕೊಂಡು ಬಂದ. ಮಠದ ಅಡುಗೆ ಮನೆ ನೋಡಿಕೊಳ್ಳುತ್ತಿದ್ದ ತಾರಾದೇವಿ ನಲವತ್ತು ದಿನ ಗಂಜಿ, ಮಜ್ಜಿಗೆ ಕೊಟ್ಟು ಎಬ್ಬಿಸಿ ಕೂರಿಸಿದರು. ಆಗಲೇ ಗೊತ್ತಾದದ್ದು, ಆ ಹೆಂಗಸು ಗಂಡನ ಗಾಡಿಯಲ್ಲಿ ಒಮ್ಮೆಯೂ ಕೂತಿಲ್ಲವೆಂದು. ಕೂರಬಾರದೆಂದು ಯಾರೂ ಹೇಳಿರಲಿಲ್ಲ. ಕೂತುಕೋ ಎಂದೂ ಯಾರೂ ಹೇಳಿರಲಿಲ್ಲ. ಜ್ವರದ ಭರದಲ್ಲೋ ಋಣದ ಭರದಲ್ಲೋ ಆ ಮಾತು ಅವನ ಬಾಯಿಂದ ಬಂದಿತ್ತು.

ಈಗ ತಾರಾದೇವಿಗೆ ಎಂಬತ್ತಮೂರು. ಕಣ್ಣು ಮಂಜಾಗಿ ಒಲೆಯ ಬೆಂಕಿ ಉರಿಯುತ್ತಿದೆಯೋ ಆರಿದೆಯೋ ಕೈಯಿಟ್ಟೇ ನೋಡಬೇಕಾಗಿತ್ತು. ಅಣ್ಣನ ಮಗ ಕುಮಾರಯ್ಯ ಊರಿಗೆ ಕರೆದೊಯ್ಯಲು ಬಂದಿದ್ದ. ಮಧ್ಯಾಹ್ನ ಹನ್ನೆರಡು ನಲವತ್ತರ ರೈಲು. ಇನ್ನು ಅವರು ಕಾಶಿಗೆ ಬರುವ ಮಾತಿಲ್ಲ.

ಸುದ್ದಿ ಎಂಟು ತಿಂಗಳ ಹಿಂದೆಯೇ ಗೊತ್ತಾಗಿ ಅನ್ನದಾನಯ್ಯ ತಾಡಪತ್ರಿ ಎತ್ತಿದ್ದ. ಲಹರ್‌ತಾರಾದ ರಾಮ್‌ಜತನ್ ಮಿಸ್ತ್ರಿ ಗಾಡಿಯ ಸುತ್ತ ಎರಡು ಸುತ್ತು ಬಂದು, “ಸಾಹೇಬ್, ಇದನ್ನು ಪ್ರದರ್ಶನಕ್ಕೆ ಇಡುತ್ತೀರೋ, ಓಡಿಸುತ್ತೀರೋ?” ಎಂದು ಹಿಂದಿಯಲ್ಲಿ ಕೇಳಿದ್ದ. ಓಡಿಸಬೇಕು ಎಂದ ಮೇಲೆ, “ಹಾಗಾದರೆ ಹಳೆಯದರ ಮೇಲೆ ಮೋಹ ಬಿಡಿ” ಎಂದು ಕೆಲಸಕ್ಕೆ ಕೂತಿದ್ದ. ಹಳೇ ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ದಿನಬೆಳಗಾದರೆ ಉಜ್ಜಿ ಸರಿಮಾಡಬೇಕಾದ ಪಾಯಿಂಟು ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. ರೇಡಿಯೇಟರಿನ ಒಳಗೂಡು ಹೊಸದಾಯಿತು, ಅದರ ಮುಂದೊಂದು ಕರೆಂಟಿನ ಫ್ಯಾನು ಕೂತಿತು. ಈಗಿನ ಪೆಟ್ರೋಲು ಹಳೇ ರಬ್ಬರನ್ನು ತಿಂದುಹಾಕುತ್ತದೆಂದು ಪೈಪುಗಳೆಲ್ಲ ಬದಲಾದವು. ಬ್ರೇಕು ಸುಧಾರಿಸಿತು. ಭಾನುವಾರ ಒಂದೂ ಮನೆಯಲ್ಲಿರದ ಅಪ್ಪನನ್ನು ಮಗಳು ಅಕ್ಷರಾ ಹಿಂದಿಯಲ್ಲೇ ಹಂಗಿಸುತ್ತಿದ್ದಳು: “ಪಪ್ಪಾ, ಆಪ್ ಉಸೀ ಕಾರ್ ಮೇ ಸೋ ಜಾಯಿಯೇ.” ಅಲ್ಲೇ ಮಲಗಿಬಿಡಿ ಎಂದು.

ಹೋದ ಭಾನುವಾರ ರಾಮನಗರದ ಸೇತುವೆ ದಾಟಿಸಿ ವಾಪಸು ತಂದಿದ್ದರು. ಬಿಸಿ ಏರಲಿಲ್ಲ, ಎಲ್ಲೂ ನಿಲ್ಲಲಿಲ್ಲ. ಆ ಭರವಸೆಯ ಮೇಲೆ ರಾಮ್‌ಜತನ್ ತಂಗಿಯ ಮಗಳ ಮದುವೆಗೆಂದು ಗಾಜಿಪುರಕ್ಕೆ ಹೋಗಿದ್ದ. ಏಳರಿಂದ ಫೋನು ಮಾಡುತ್ತಿದ್ದರೂ ಎತ್ತುತ್ತಿರಲಿಲ್ಲ.

ಅನ್ನದಾನಯ್ಯ ತನಗೆ ತಿಳಿದ ದಾರಿ ಹಿಡಿದ. ಪೆಟ್ರೋಲು ಬರುತ್ತಿದೆ. ಬ್ಯಾಟರಿ ಗಟ್ಟಿಯಾಗಿದೆ. ಒಂದು ಪ್ಲಗ್ಗು ಬಿಚ್ಚಿ ನೋಡಿದ, ಕಿಡಿ ನೀಲಿಯಾಗಿ ಹಾರುತ್ತಿದೆ. ಹಾಗಿದ್ದ ಮೇಲೆ ಇದಕ್ಕೇನು ರೋಗ? ಹೊಸ ಇಗ್ನಿಷನ್ನಿನ ಡಬ್ಬಿಯ ಮೇಲೆ ಅನುಮಾನ ಬಂತು. ಆಮೇಲೆ ಪೆಟ್ರೋಲಿನ ಮೇಲೆ ಬಂತು. ಕೊನೆಗೆ, ಏನನ್ನೂ ಬದಲಿಸದೆ ಬಿಟ್ಟಿದ್ದರೆ ಶಿವಬಸಯ್ಯನ ಹಾಗೆ ತಳ್ಳಿಯಾದರೂ ಹೊರಡಿಸಬಹುದಿತ್ತೇನೋ ಎಂದು ತನ್ನ ಮೇಲೆಯೇ ಬಂತು. ಇರುವುದೆಲ್ಲ ಸರಿಯಿತ್ತು. ಆರು ದಪ್ಪ ತಂತಿಗಳೂ, ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಸುತ್ತ, ಪಂಕ್ತಿಗೆ ಕೂತ ಜಂಗಮರ ಹಾಗೆ, ಒಂದು ಎರಡು ಮೂರು ಎಂದು ಒಪ್ಪವಾಗಿ ಕೂತಿದ್ದವು.

ತಾರಾದೇವಿ ಕಟ್ಟೆಯ ಮೇಲೆ ಕೂತಿದ್ದರು. ಇಳಕಲ್ ಸೀರೆ, ಕೈಯಲ್ಲಿ ಬುತ್ತಿಯ ಗಂಟು.

“ಅತ್ತೀ, ಆಟೋ ಕರೀತೀನಿ” ಎಂದ ಕುಮಾರಯ್ಯ ಮೂರನೆಯ ಸಲ. “ಈ ಗಾಡಿ ನಂಬಿದ್ರ ನಾವು ಮುಂದಿನ ಶಿವರಾತ್ರಿಗೆ ಊರು ಮುಟ್ಟೂದು.”

“ತಡೀಪಾ. ಅನ್ನದಾನಿ ನೋಡಾಕತ್ತಾನ.”

ಹತ್ತು ಗಂಟೆಗೆ ರಾಮ್‌ಜತನ್ ಫೋನೆತ್ತಿದ. ಹಿಂದೆ ಬ್ಯಾಂಡು ಬಾರಿಸುತ್ತಿತ್ತು. ಎಲ್ಲ ಕೇಳಿಸಿಕೊಂಡು, “ಸಿಡೀತಾ ಇದೆಯಾ? ಹಾಗಾದರೆ ಮುಚ್ಚಳದ ಮೇಲೆ ತಂತಿಗೆ ನಂಬರ್ ಪಟ್ಟಿ ಅಂಟಿಸಿದ್ದೇನಲ್ಲ, ಅದನ್ನ ವರಸೆಯಾಗಿ ಓದಿ ಸಾಹೇಬ್” ಎಂದ.

“ಒಂದು, ಎರಡು, ಮೂರು, ನಾಲ್ಕು…”

“ಬಸ್, ಬಸ್. ಯಾರು ಹಾಗೆ ಹಾಕಿದ್ದು? ನಿಮ್ಮ ಮಠದಲ್ಲಿ ಶಾಲೆ ಮಾಸ್ತರು ಯಾರಾದರೂ ಇದ್ದಾರಾ?”

ಇಂಜಿನ್ನಿನಲ್ಲಿ ಒಂದಾದ ಮೇಲೆ ಎರಡು ಉರಿಯುವುದಿಲ್ಲ, ಐದು ಉರಿಯುತ್ತದೆ ಎಂದು ಅವನು ಬ್ಯಾಂಡಿನ ಮೇಲೆ ದನಿ ಏರಿಸಿ ಹೇಳಿದ. ಒಂದು, ಐದು, ಮೂರು, ಆರು, ಎರಡು, ನಾಲ್ಕು. ಒಂದು ಮತ್ತು ಮೂರು ಅವುಗಳ ಜಾಗದಲ್ಲೇ ಇವೆ. ಎರಡನ್ನೂ ಐದನ್ನೂ ಅದಲುಬದಲು ಮಾಡಿ, ನಾಲ್ಕನ್ನೂ ಆರನ್ನೂ ಮಾಡಿ. “ಅಷ್ಟೇ. ನಾನು ಊಟಕ್ಕೆ ಹೋಗುತ್ತೇನೆ.”

ಅನ್ನದಾನಯ್ಯ ಫೋನು ಇಳಿಸಿ ಮುಚ್ಚಳದ ಮೇಲೆ ಬಗ್ಗಿದ. ತಂತಿಗಳ ಬುಡದಲ್ಲಿ, ಪಟ್ಟಿಯ ಪಕ್ಕ, ಬೆಳ್ಳಗೆ ಮೂರು ಮೂರು ಗೆರೆ ಎಳೆದದ್ದು ಈಗ ಕಂಡಿತು. ಆರಕ್ಕೂ.

“ಅಯ್ಯಾರ, ಇದಕ್ಕ ವಿಭೂತಿ ಹಚ್ಚಿದವರು ಯಾರ್ರಿ?”

“ನಾನ ಹಚ್ಚೀನಿ. ನಸಕಿನ್ಯಾಗ. ಹೊಸಾ ಪಯಣ, ಹಂಗ ಬಿಡಾಕ ಬರ್ತದೇನು?” ಮಹಾಂತಯ್ಯನ ದನಿಯಲ್ಲಿ ಅಳುಕಿರಲಿಲ್ಲ. “ಮ್ಯಾಲಿಂದ ಮ್ಯಾಲೆ ಹಚ್ಚಿದ್ರ ಏನು ಬಂತು, ಮೂಲಕ್ಕ ಮುಟ್ಟಬೇಕು. ಒಂದೊಂದ ಕಿತ್ತು, ಒರಸಿ, ಹಚ್ಚಿ, ತಿರುಗಿ ಸಿಗಿಸೀನಿ. ಆ ಮಿಸ್ತ್ರಿಗೆ ಎಣಿಕಿ ಬರಂಗಿಲ್ಲ ನೋಡು. ಒಂದರ ಬಾಜೂಕ ಐದು ಹಾಕಿದ್ದ. ಸರಿ ಮಾಡೀನಿ.”

ಅನ್ನದಾನಯ್ಯನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ತಾರಾದೇವಿ ಮಾತಾಡಿದರು.

“ಅವರನ್ನ ಏನೂ ಅನಬ್ಯಾಡ. ನನ್ನ ಕೇಳಿದ್ರು. ನಾನ ಹೇಳೀನಿ ಹಂಗ ಹಾಕ್ರಿ ಅಂತ.”

“ನೀವ?”

“ದಿನಾ ಕೇಳೀನಲ್ಲೋ. ಇವರು ಮುಂಜಾನೆ ಗಾಡಿ ಒರಸೂ ಮುಂದ ಅವನ್ನ ಒಂದೊಂದ ಮುಟ್ಟಿ ಹೆಸರು ಹೇಳ್ತಿದ್ರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ನಲವತ್ತ ವರ್ಷ. ಅಡಗಿ ಮನಿ ಕಿಡಕ್ಯಾಗ ನಿಂತ್ರ ಕೇಳತಿತ್ತು.”

ಆರು ಸಿಲಿಂಡರಿಗೆ ಷಟ್‌ಸ್ಥಲದ ಆರು ಹೆಸರು ಇಟ್ಟಿದ್ದ ಶಿವಬಸಯ್ಯ. ಹೆಸರು ಸಿಲಿಂಡರಿಗೆ ಇತ್ತು. ತಂತಿಗಳು ಮುಚ್ಚಳದ ಮೇಲೆ ಕೂರುವ ಕ್ರಮ ಬೇರೆ. ಅದನ್ನು ಅವನು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ, ಕೈಗೆ ಗೊತ್ತಿತ್ತು. ಇದನ್ನು ಅನ್ನದಾನಯ್ಯ ಆದಷ್ಟು ಮೆತ್ತಗೆ ವಿವರಿಸಿದ. ಭಕ್ತನ ಪಕ್ಕ ಶರಣ ಬರಬೇಕು, ಪ್ರಸಾದಿಯ ಪಕ್ಕ ಐಕ್ಯ, ಆಮೇಲೆ ಮಹೇಶ, ಕೊನೆಗೆ ಪ್ರಾಣಲಿಂಗಿ.

“ಐಕ್ಯ ನಡುವ ಬರ್ತದ?” ಎಂದರು ಮಹಾಂತಯ್ಯ ದಿಗ್ಭ್ರಮೆಯಿಂದ. “ಅದು ಹೆಂಗ ಬರ್ತದಪಾ? ಐಕ್ಯ ಆದ ಮ್ಯಾಲೆ ಮತ್ತೇನೈತಿ?”

“ಇಂಜಿನ್ನಿನ್ಯಾಗ ಹಂಗ್ರಿ, ಅಯ್ಯಾರ.”

ತಾರಾದೇವಿ ಬುತ್ತಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು. “ಹಂಗಾರ ಅವರು ಬಾಯಿಲೆ ಒಂದು ಹೇಳಿ, ಕೈಲೆ ಒಂದು ಮಾಡ್ತಿದ್ರೇನು?”

ಹೌದೆಂದರೆ ಶಿವಬಸಯ್ಯನ ಮೇಲೆ ಏನೋ ಹೊರಿಸಿದಂತಾಗುತ್ತಿತ್ತು. ಅಲ್ಲವೆಂದರೆ ಸುಳ್ಳಾಗುತ್ತಿತ್ತು. ಅನ್ನದಾನಯ್ಯ ಎರಡು ಜೊತೆ ತಂತಿ ಬದಲಿಸಿ ಕೀಲಿ ತಿರುಗಿಸಿದ. ಮೊದಲ ಸುತ್ತಿಗೇ ಇಂಜಿನ್ ಹಿಡಿದುಕೊಂಡಿತು. ಮಹಾಂತಯ್ಯ ಕಾಯಿ ಒಡೆದರು, ಆದರೆ ಏನೋ ಲೆಕ್ಕ ತಪ್ಪಿದವರ ಹಾಗೆ ಇಂಜಿನ್ನನ್ನೇ ನೋಡುತ್ತಿದ್ದರು.

“ಇಷ್ಟ ಸಣ್ಣ ಸದ್ದೇನು?” ಎಂದರು ತಾರಾದೇವಿ. “ಇವರು ಚಾಲೂ ಮಾಡಿದ್ರ ಒಲಿ ಮ್ಯಾಲಿನ ಬೋಗಾಣಿ ನಡಗತಿತ್ತು.”

ಹತ್ತೂವರೆ ದಾಟಿತ್ತು. ಕುಮಾರಯ್ಯ ಟ್ರಂಕು, ಚೀಲಗಳನ್ನು ಟೋಟೋ ಎನ್ನುವ ಬ್ಯಾಟರಿ ರಿಕ್ಷಾದಲ್ಲಿ ಹೇರಿಕೊಂಡು, “ಸಾರನಾಥ ಗೀರನಾಥ ಏನೂ ಬ್ಯಾಡ್ರಿ ಅಣ್ಣಾರ, ಸೀದಾ ಸ್ಟೇಷನ್ನಿಗೆ ಕರಕೊಂಡು ಬರ್ರಿ” ಎಂದು ಹೇಳಿ ಮುಂದೆ ಹೋದ. ಹಿಂದಿನ ಸೀಟು ಸ್ವಾಮಿಗಳದ್ದೆಂದು ತಾರಾದೇವಿ ಅದರ ಕಡೆ ನೋಡಲೂ ಇಲ್ಲ. ಮುಂದೆ ಕೂತರು. ಬಾಗಿಲು ಹಾಕಿಕೊಳ್ಳುವುದು ಗೊತ್ತಾಗದೆ ಅನ್ನದಾನಯ್ಯನೇ ಸುತ್ತಿ ಬಂದು ಹಾಕಬೇಕಾಯಿತು.

ಗಾಡಿ ಗೋದೌಲಿಯಾದ ಗದ್ದಲದಲ್ಲಿ ಆಮೆಯಂತೆ ಸರಿಯಿತು. ರಿಕ್ಷಾದವರು ದಾರಿ ಬಿಟ್ಟು ನೋಡಿದರು. ಒಬ್ಬ ಮುದುಕ ಕೈಮುಗಿದ, ಯಾರಿಗೆಂದು ತಿಳಿಯಲಿಲ್ಲ. ಬಿಸಿ ತೋರಿಸುವ ಮುಳ್ಳು ನಡುವೆಯೇ ನಿಂತಿತ್ತು. ತಾರಾದೇವಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. “ಭಕ್ತ, ಶರಣ, ಪ್ರಸಾದಿ…” ಲಹುರಾಬೀರ್ ಬರುವಷ್ಟರಲ್ಲಿ ವರಸೆ ತಪ್ಪಿ ಮತ್ತೆ ಮೊದಲಿನಿಂದ ಹಿಡಿದರು. ಅದಾದ ಮೇಲೆ ಬಿಟ್ಟುಬಿಟ್ಟರು.

ಅಂಧ್ರಾಪುಲ್ ಹತ್ತಿರ ದಾರಿ ಒಡೆಯುತ್ತದೆ. ಎಡಕ್ಕೆ ಸ್ಟೇಷನ್, ಬಲಕ್ಕೆ ಸಾರನಾಥ. ಜನಜಂಗುಳಿಯಲ್ಲಿ ಗಾಡಿ ನಿಂತಿತು. ಗಂಟೆ ಹನ್ನೊಂದೂಕಾಲು.

“ಅಮ್ಮಾರ, ನೀವು ಹೂಂ ಅಂದ್ರ ಬಲಕ್ಕ ಹೊಳ್ಳಸ್ತೀನಿ. ರೈಲು ನಾಳೆನೂ ಇರ್ತಾವ. ಕುಮಾರಯ್ಯಗ ನಾ ಹೇಳ್ತೀನಿ.”

“ಸಾರನಾಥದಾಗ ಏನೈತೋ? ಟೆಂಪೋದಾಗ ಮೂರ ಸಲ ಹೋಗಿ ಬಂದೀನಿ.”

“ಮತ್ತ ಅವತ್ತು ಸಾರನಾಥ ಅಂದಾಗ ಹೂಂ ಅಂದ್ರಿ?”

“ನೀ ಅಂದಿ, ನಾ ಹೂಂ ಅಂದೆ. ಜಡ್ಡಿನ ಹುಡುಗ, ಬ್ಯಾಡ ಅಂದ್ರ ಮನಸಿಗೆ ಹಚ್ಚಿಕೋತಾನ ಅಂತ.”

“ಹಂಗಾರ ನಿಮಗ ಎಲ್ಲಿಗೆ ಹೋಗೂದಿತ್ರಿ?”

ತಾರಾದೇವಿ ಮುಂದಿನ ಗಾಜಿನ ಕಡೆ, ಅದರಲ್ಲಿ ಅವರಿಗೇನು ಕಾಣುತ್ತಿತ್ತೋ, ನೋಡುತ್ತಿದ್ದರು.

“ಎಲ್ಲಿಗೂ ಇರಲಿಲ್ಲ. ಒರಸೂ ಮುಂದ ಒಂದ ದಿನ ಬಾಗಲಾ ತಗದು, ಬಾ ಕೂಡು ಅಂತಾರ ಅಂದ್ಕೊಂಡಿದ್ದೆ. ಅವರಿಗೆ ಹೊಳೀಲಿಲ್ಲ. ನಾನೂ ಕೇಳಲಿಲ್ಲ.” ಬುತ್ತಿಯ ಗಂಟನ್ನು ಮಡಿಲಿಗೆ ಎಳೆದುಕೊಂಡು ಅಂದರು, “ಮಾತು ನಿಂದು, ರೈಲು ನಂದು. ಕುಮಾರ ಅಲ್ಲಿ ಒಬ್ಬನ ನಿಂತಿರ್ತಾನ.”

ಹಿಂದೆ ಹಾರನ್ನುಗಳು ಒಂದೇಸಮ ಬಡಿದುಕೊಳ್ಳುತ್ತಿದ್ದವು. ಎಂಟು ತಿಂಗಳು ಏನನ್ನು ರಿಪೇರಿ ಮಾಡಿದೆ ಎಂಬುದು ಅನ್ನದಾನಯ್ಯನಿಗೆ ಆ ಗಳಿಗೆಯಲ್ಲಿ ಗೊತ್ತಾಗಲಿಲ್ಲ. ಎಡಕ್ಕೆ ತಿರುಗಿಸಿದ.

ಸ್ಟೇಷನ್ನಿನ ಮುಂದೆ ಕುಮಾರಯ್ಯ ಟ್ರಂಕಿನ ಮೇಲೆ ಕೂತಿದ್ದವನು ಎದ್ದು ಬಂದ. ಗಾಡಿಯನ್ನು ಅಲ್ಲಿ ನಿಲ್ಲಿಸಬೇಡ ಎಂದು ಪೊಲೀಸಿನವನು ಲಾಠಿಯಿಂದ ಬಾನೆಟ್ಟನ್ನು ಮೆಲ್ಲಗೆ ತಟ್ಟಿದ. ಇಂಜಿನ್ ಒಂದೇ ಹದದಲ್ಲಿ ಓಡುತ್ತಿತ್ತು. ತಾರಾದೇವಿ ಇಳಿಯದೆ ಇನ್ನೂ ಸ್ವಲ್ಪ ಹೊತ್ತು ಕೂತೇ ಇದ್ದರು, ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡು. ಆಮೇಲೆ ಇಳಿದು ಹೋದರು.

ಗಾಡಿ ಸಾರನಾಥಕ್ಕೆ ಹೋಗಲಿಲ್ಲ. ಅನ್ನದಾನಯ್ಯ ಕೊಟ್ಟ ಮಾತು ನಡೆಯಲಿಲ್ಲ.