ಪ್ರಭಾವತಿ ಸೇರಿಸಿದ ಸಾಲು

ಪ್ರಭಾವತಿ ಧಾರವಾಡದ ಸಪ್ತಾಪುರದಲ್ಲಿದ್ದ ಬೆಳವಲ ಬಾನುಲಿ ಕೇಂದ್ರದಲ್ಲಿ ಮುಂಜಾನೆಯ ವಾರ್ತೆ ಓದುತ್ತಿದ್ದಳು. ಜನರ ತೆರಿಗೆಯಿಂದ ನಡೆಯುವ ಆ ಸಣ್ಣ ಕೇಂದ್ರವನ್ನು ಧಾರವಾಡದಲ್ಲಿ ಕೇಳುವವರು ಕಡಿಮೆ. ಆದರೆ ಸುಳ್ಳ ಗ್ರಾಮದ ಆಚೆಗಿದ್ದ ಅವಳ ಊರು ಮಡ್ಡಿಹಾಳದಲ್ಲಿ ಅದರ ಮಾತೆಂದರೆ ಮಾತು. ಹಿಂದಿನ ಮಳೆಗಾಲದಲ್ಲಿ ಹಳ್ಳ ಏರಿದಾಗ ಮೊಬೈಲುಗಳು ಸತ್ತುಹೋಗಿದ್ದವು. ಅವಳು ಓದಿದ ಎಚ್ಚರಿಕೆ ಕೇಳಿಯೇ ಕೆಳಗಿನ ಓಣಿಯವರು ಮಕ್ಕಳು, ಎಮ್ಮೆಗಳ ಸಮೇತ ದಿಬ್ಬ ಹತ್ತಿ ಜೀವ ಉಳಿಸಿಕೊಂಡಿದ್ದರು.

ಈ ಬೇಸಿಗೆಯಲ್ಲಿ ಓದಲು ಒಂದು ಸುದ್ದಿ ಬಂತು. ಮಡ್ಡಿಹಾಳದ ಎಲ್ಲ ಮನೆಗಳಿಗೂ ನಳದ ನೀರು ತಲುಪಿದೆ ಎಂದು ಅಧಿಕಾರಿಗಳು ತಿಳಿಸಿದ್ದರು. ಮೈಕು ತೆರೆದಿತ್ತು, ಓದಿಬಿಟ್ಟಳು. ಆದರೆ ತಮ್ಮ ಕೆಳಗಿನ ಓಣಿಯಲ್ಲಿ ನಳ ನೆಟ್ಟು ಹೋದವರು ನೀರು ಬಿಟ್ಟಿರಲಿಲ್ಲ. ಹೊರಗೆ ಬಂದವಳೇ ಬೈಗುಳಕ್ಕೆ ಸಿದ್ಧಳಾಗಿ ಅವ್ವ ಮುತ್ತವ್ವನಿಗೆ ಫೋನ್ ಮಾಡಿದಳು. ಅವ್ವ ಬೈಯಲಿಲ್ಲ.

"ರೇಡಿಯೋದಾಗ ಹೇಳ್ಯಾರಂದ್ರ ಬಂದಿರಬೇಕವ್ವಾ. ನಮ್ಮ ನಳಾನ ಎಲ್ಲ್ಯೋ ಕಟ್ಟಿಕೊಂಡಿರಬೇಕು" ಎಂದಳು.

ಬೈದಿದ್ದರೆ ವಾಸಿಯಿತ್ತು ಎನಿಸಿತು ಪ್ರಭಾವತಿಗೆ. ಕೇಂದ್ರದ ಮುಖ್ಯಸ್ಥ ಶಾಂತಯ್ಯನವರ ಬಳಿ ಹೋಗಿ, ನೀರು ಬಂದಿಲ್ಲವೆಂಬುದನ್ನೂ ವಾರ್ತೆಯಲ್ಲಿ ಓದಬೇಕೆಂದಳು. ಅವರು ಕೂಡಿಸಿ ಚಹಾ ತರಿಸಿದರು. ಪ್ರತಿ ಊರಿಗೆ ಹೋಗಿ ನೋಡಿಬರಲು ತಮ್ಮಲ್ಲಿ ಜನರಿಲ್ಲ, ಗಾಡಿಯಿಲ್ಲ ಎಂದರು.

"ನಾವು ಸುಳ್ಳು ಹೇಳೂದಿಲ್ಲ. ಅವರು ಹಿಂಗ ಹೇಳ್ಯಾರ ಅಂತ ಹೇಳ್ತೇವಿ, ಅಷ್ಟ. ಮ್ಯಾಲೆ ಅದು ನಿಮ್ಮ ಓಣಿ. ನೀವ ಓದಿದ್ರ ಕೇಳಿದವರು ಏನಂದಾರು?"

ಆ ಮಾತಿನಲ್ಲಿ ತಪ್ಪೆಲ್ಲಿದೆ ಎಂದು ಅವಳಿಗೆ ಹೊಳೆಯಲಿಲ್ಲ. ಸರಿಯೆಂದೂ ಅನಿಸಲಿಲ್ಲ.

ಮರುದಿನ ವಾರ್ತೆ ಮುಗಿಸುವಾಗ ಹಾಳೆಯಲ್ಲಿ ಇಲ್ಲದ ಒಂದು ಸಾಲನ್ನು ಅವಳೇ ಸೇರಿಸಿದಳು: ಮಡ್ಡಿಹಾಳದ ಕೆಳಗಿನ ಓಣಿಗೆ ಇನ್ನೂ ನೀರು ಬಂದಿಲ್ಲವೆಂದು ಅಲ್ಲಿಯ ನಿವಾಸಿಗಳು ತಿಳಿಸಿದ್ದಾರೆ. ಶಾಂತಯ್ಯ ಕೂಗಾಡಲಿಲ್ಲ. ಅವಳನ್ನು ವಾರ್ತೆಯಿಂದ ತೆಗೆದು ಕೋರಿಕೆಯ ಹಾಡುಗಳಿಗೆ ಹಾಕಿದರು. ಅತ್ತ ಊರಿನಲ್ಲಿ ಕೆಲವೇ ದಿನಗಳಲ್ಲಿ ನಳಗಳಲ್ಲಿ ನೀರು ಹರಿಯಿತು.

ರವಿವಾರ ಊರಿಗೆ ಹೋದಾಗ ಹೆಂಗಸರು ಕೊಡ ತುಂಬಿಕೊಳ್ಳುತ್ತ ಅವಳನ್ನು ನಿಲ್ಲಿಸಿ ನಿಲ್ಲಿಸಿ ಮಾತಾಡಿಸಿದರು. ಅವಳೂ ಹಿಗ್ಗಿದಳು. ಅಷ್ಟರಲ್ಲಿ ಹಳ್ಳದ ಆಚೆ ದಂಡೆಯ ಯಂಕಣ್ಣ ಬಂದು ಕಟ್ಟೆಯ ಮೇಲೆ ಕುಳಿತ. ಇಲ್ಲಿ ನೀರು ಬಂದದ್ದೇ ತಡ, ಎರಡೂ ದಂಡೆಗೆ ಬರುತ್ತಿದ್ದ ನೀರಿನ ಟ್ಯಾಂಕರ್ ನಿಂತಿದೆ ಎಂದ.

"ನಮಗೂ ನೀರಿಲ್ಲ ತಂಗಿ. ನಮ್ಮನ್ನ್ಯಾಕ ಬಿಟ್ಟಿ?"

ಬಿಟ್ಟಿರಲಿಲ್ಲ, ಕೇಳಿಯೇ ಇರಲಿಲ್ಲ. ಅವ್ವನೊಬ್ಬಳಿಗೆ ಫೋನ್ ಮಾಡಿದ್ದಳು, ಅಷ್ಟೇ. ಹಾಗಾದರೆ ತಾನು ಹೇಳಿದ್ದು ಸುದ್ದಿಯೋ, ಸ್ವಂತದವರ ಪರವಾದ ಮಾತೋ? ಅವನ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಮರುದಿನ ಶಾಂತಯ್ಯನವರ ಮುಂದಿಟ್ಟಳು. ಅವರು ಪೂರ್ತಿ ಕೇಳಿದರು.

"ಆ ದಂಡಿಗೆ ಇನ್ನೂ ಯಾರಾರು ಅದಾರ, ಅವರನ್ನ ಕೇಳಿದ್ರೇನು?"

ಅವಳು ಕೇಳಿರಲಿಲ್ಲ.

ಆದರೂ ಮಂಗಳವಾರದ ವಾರ್ತೆಯಲ್ಲಿ ಯಂಕಣ್ಣನ ಧ್ವನಿಯೇ ಬಂತು. ನೀರಿನ ಸಮಸ್ಯೆ ಪರಿಶೀಲಿಸುತ್ತೇವೆ ಎಂಬ ಅಧಿಕಾರಿಗಳ ಮಾತೂ ಅದರ ಹಿಂದೆಯೇ ಬಂತು. ಹಾಡುಗಳ ಕೋಣೆಯಲ್ಲಿ ನಿಂತು ಕೇಳಿದ ಪ್ರಭಾವತಿಗೆ, ಶಾಂತಯ್ಯ ತನ್ನ ಮಾತನ್ನು ಒಪ್ಪಿದರೋ, ತನಗೆ ಪಾಠ ಕಲಿಸಿದರೋ ತಿಳಿಯಲಿಲ್ಲ. ಅವರನ್ನೇ ಕೇಳೋಣವೆಂದು ಅವರ ಕೋಣೆಯ ಬಾಗಿಲಿನವರೆಗೆ ಹೋದವಳು, ಏನೆಂದು ಕೇಳುವುದೆಂದು ತೋಚದೆ ಅಲ್ಲಿಯೇ ನಿಂತಳು.