ಗಿಡ ತುಳಿಯದೆ ಹೋಗುವ ದಾರಿ

ಶವದ ಪೆಟ್ಟಿಗೆ ಹೊಸ್ತಿಲು ದಾಟಿ ಮೆಟ್ಟಿಲಿಳಿದದ್ದೇ ತಡ, ಅಲ್ಲೇ ನಿಂತುಬಿಟ್ಟಿತು. ಹೊತ್ತವರು ಮುಖ ಮುಖ ನೋಡಿಕೊಂಡರು. ಗೇಟಿನವರೆಗಿನ ದಾರಿ ಒಬ್ಬ ಮನುಷ್ಯ, ಅದೂ ಹೊಟ್ಟೆ ಒಳಗೆಳೆದುಕೊಂಡರೆ, ಹೋಗುವಷ್ಟಿತ್ತು. ಎರಡೂ ಕಡೆ ಸೊಂಟದೆತ್ತರದ ಗಿಡಗಳು.

“ಭಾವ ತಾನು ಹೋಗೋಕೂ ದಾರಿ ಬಿಟ್ಕೊಳ್ಲಿಲ್ವಲ್ಲಪ್ಪಾ!” ಎನ್ನುತ್ತ ತೀರಿಕೊಂಡವನ ಹೆಂಡತಿಯ ತಮ್ಮ ಕುಡುಗೋಲಿಗಾಗಿ ಹಿತ್ತಲಿಗೆ ಹೊರಟ. “ಐದೇ ನಿಮಿಷ ಅಕ್ಕ. ಈ ಕಳೇನೆಲ್ಲ ಸವರಿಬಿಡ್ತೀನಿ.”

“ಮುಟ್ಟಿ ನೋಡು, ಕೈ ಮುರೀತೀನಿ,” ಎಂದಳು ಅಕ್ಕ.

ಎಲ್ಲರೂ ತಬ್ಬಿಬ್ಬಾದರು. ಆ ಗಿಡಗಳಿಗೆ ಕಳೆ ಎಂದು ಹೆಸರಿಟ್ಟವಳೇ ಅವಳು. ಮನೆಗೆ ಬಂದವರಿಗೆಲ್ಲ “ನೋಡಿ, ನನ್ನ ಸವತೀರು” ಎಂದು ತೋರಿಸಿದವಳೂ ಅವಳೇ. ತನ್ನ ಮಾತು ಕೇಳಿ ಅವಳಿಗೇ ಆಶ್ಚರ್ಯವಾಯಿತು. ಆದರೆ ಗಿಡದ ತುದಿಗಳಲ್ಲಿ ಮೊಗ್ಗು ಕಟ್ಟಿತ್ತು. ಮೊನ್ನೆ ಸಂಜೆ ಗಂಡನೇ ಕೈಹಿಡಿದು ಎಳೆತಂದು ತೋರಿಸಿದ್ದ. “ಇನ್ನೊಂದ್ವಾರ ತಡ್ಕೊಳೇ, ಆಮೇಲೆ ಬೇಕಾದಷ್ಟು ಬೈಯಿ” ಎಂದಿದ್ದ. ಆ ಒಂದು ವಾರ ತಾನೇ ತಡೆಯದೆ ಹೊರಟುಹೋದ. ಹೂವಿಗಾಗಿ ಇಷ್ಟು ಕಾದವನನ್ನು ಅವನ ಗಿಡಗಳನ್ನೇ ತುಳಿದು ಕಳಿಸುವುದೇ?

*

ಅವನು ಬಸ್ಸಿನ ಡ್ರೈವರಾಗಿದ್ದ. ರಸ್ತೆಬದಿ ಕಾಡುಹೂವು ಬೀಜ ಕಟ್ಟಿ ಒಣಗಿದ್ದು ಕಂಡರೆ ಸಾಕು, ಬ್ರೇಕು. “ಇಂಜಿನ್ ಬಿಸಿಯಾಗಿದೆ” ಎಂದು ಜನಕ್ಕೆ ಹೇಳಿ ಇಳಿದು, ಜೇಬು ತುಂಬಿಸಿಕೊಂಡು ಬರುತ್ತಿದ್ದ. ವರ್ಷವಿಡೀ ತಣ್ಣಗಿರುವ ಇಂಜಿನ್ನು ಬೀಜ ಬಲಿಯುವ ಕಾಲಕ್ಕೇ ಯಾಕೆ ಬಿಸಿಯಾಗುತ್ತದೆಂದು ಗೊತ್ತಿದ್ದದ್ದು ಅವನ ಕಂಡಕ್ಟರಿಗೆ ಮಾತ್ರ.

ರಿಟೈರಾದ ಮೇಲೆ ಬೀಜಗಳು ಒದ್ದೆ ಮರಳಿನ ಡಬ್ಬಿಗಳಲ್ಲಿ ಫ್ರಿಜ್ಜು ಸೇರಿದವು.

“ಹಾಲು ಎಲ್ರೀ ಇಡ್ಲಿ?”

“ಹಾಲು ಇವತ್ತು ಕುಡಿದು ಮುಗಿಸೋದು ಕಣೇ. ಇವು ಒಂದ್ಸಲ ಬೇರೂರಿದ್ರೆ ವರ್ಷವರ್ಷವೂ ಬರ್ತಾವೆ. ಚಳಿ ತಾಗದಿದ್ರೆ ಏಳೋದೇ ಇಲ್ಲ.”

“ನಿಮ್ಮನ್ನೂ ಬೆಳಗ್ಗೆ ಹಾಗೇ ಎಬ್ಬಿಸ್ಬೇಕಿತ್ತು.”

ಬಿತ್ತಿದ ದಿನ ಗಾಳಿಯೋ ಗಾಳಿ. ಪಕ್ಕದ ಮನೆಯ ಹಲ್ಲಿನ ಡಾಕ್ಟರು ಬೇಲಿಗೆ ಓಡಿಬಂದರು. ಅವರ ಹುಲ್ಲುಹಾಸು ಕಟ್ಟಿಸಿಕೊಂಡ ಹಲ್ಲಿನಷ್ಟು ಸಮ. “ನಿಮ್ಮ ಕಳೆ ಒಂದೇ ಒಂದು ಈ ಕಡೆ ಹುಟ್ಟಿದ್ರೂ ಬೇರುಸಮೇತ ಕಿತ್ತೆಸೀತೀನಿ!” ಎಂದು ಕೂಗಾಡಿದರು. ಅಂದಿನಿಂದ ಎರಡು ಮನೆಗೂ ಮಾತಿಲ್ಲ ಕತೆಯಿಲ್ಲ.

ಮೊದಲ ವರ್ಷ ನಾಲ್ಕು ಎಲೆ ಬಂದವು. “ಎಲ್ರೀ ಹೂವು?” ಎಂದರೆ “ಬೇರು ಬಿಡ್ತಿದೆ” ಎಂದ. ಮರುವರ್ಷವೂ ಅದೇ ಉತ್ತರ.

“ಭೂಮಿಯ ಆ ಕಡೆ ಹೂ ಬಿಟ್ಟಿದ್ಯೇನೋ, ಹೋಗಿ ನೋಡ್ಕೊಂಡ್ಬನ್ನಿ,” ಎಂದಿದ್ದಳು. ಅವನು ಬಿದ್ದುಬಿದ್ದು ನಕ್ಕಿದ್ದ.

*

“ಅತ್ತಿಗೆ,” ಎಂದ ಕಂಡಕ್ಟರು, “ಬೇಲಿದು ಎರಡು ಹಲಗೆ ಬಿಚ್ಚಿದ್ರೆ ಡಾಕ್ಟರ ಹುಲ್ಲಿನ ಮೇಲಿಂದ ಸೀದಾ ರಸ್ತೆ.”

ಡಾಕ್ಟರು ತಮ್ಮ ಕಡೆ ಕೋಟು ತೊಟ್ಟು, ತಲೆ ತಗ್ಗಿಸಿ ನಿಂತಿದ್ದರು. ಅವಳು ಅಭಿಮಾನ ನುಂಗಿಕೊಂಡು ಬೇಲಿಯ ಹತ್ತಿರ ಹೋದಳು.

“ಡಾಕ್ಟರೇ, ಒಂದು ದಾರಿ ಬಿಡಿ. ಇನ್ಮೇಲೆ ಅವರು ನಿಮ್ಗೆ ತೊಂದ್ರೆ ಕೊಡಲ್ಲ.”

ಡಾಕ್ಟರು ಬೆವರಿದರು. “ಈ ಕಡೆಯಿಂದ ಆಗಲ್ಲಮ್ಮ.”

“ಸತ್ತೋರಿಗೂ ದಾರಿ ಬಿಡಲ್ವೇನ್ರೀ? ನೀವೂ ಒಬ್ಬ ಮನುಷ್ಯರಾ?” ಎಂದು ಅವಳ ತಮ್ಮ ಏರಿಹೋದ.

“ಇರಪ್ಪಾ, ಎರಡು ನಿಮಿಷ!” ಡಾಕ್ಟರು ಒಳಗೆ ಓಡಿ, ಒಂದು ಬಕೆಟ್ಟು ತಂದು, ಕಾರಿನ ಶೆಡ್ಡಿನ ಮರೆಯಲ್ಲಿ ಬೋರಲು ಹಾಕಿದರು. “ಈಗ ಬನ್ನಿ. ಆ ಬಕೆಟ್ ಹತ್ರ ಮಾತ್ರ ಯಾರೂ ಸುಳೀಬೇಡಿ.”

ಹಲಗೆ ಬಿಚ್ಚಿದರು. ಪೆಟ್ಟಿಗೆ ಹುಲ್ಲಿನ ಮೇಲೆ ಹೊರಟಿತು. ಕಂಡಕ್ಟರು ಎಲ್ಲರಿಗಿಂತ ಮುಂದೆ, ಹಿಮ್ಮುಖವಾಗಿ ನಡೆಯುತ್ತ ಕೈಬೀಸಿದ. “ರೈಟ್... ರೈಟ್... ಸ್ವಲ್ಪ ಎಡಕ್ಕೆ... ರೈಟ್...” ಹಾಗೆಯೇ ಬಕೆಟ್ಟಿಗೆ ಎಡವಿ ಅಂಗಾತ ಬಿದ್ದ. ಬಿದ್ದಲ್ಲಿಂದಲೇ “ಹೋಲ್ಡಾನ್!” ಎಂದು ಅರಚಿದ. ಪೆಟ್ಟಿಗೆ ಗಕ್ಕನೆ ನಿಂತಿತು.

ಬಕೆಟ್ಟು ಉರುಳಿ ದೂರ ಹೋಯಿತು. ಅದರ ಕೆಳಗೆ ಇಟ್ಟಿಗೆ ಜೋಡಿಸಿ ಕಟ್ಟಿದ ಪಾತಿ. ಪಾತಿಯೊಳಗೆ, ಗಿಡ್ಡಗೇ ಉಳಿದ ಡ್ರೈವರನ ಗಿಡ. ಬಾಗದಿರಲೆಂದು ಹಲ್ಲಿನ ಸಂದಿ ಉಜ್ಜುವ ದಾರದಿಂದ ಅದನ್ನು ಕಡ್ಡಿಗೆ ಕಟ್ಟಿತ್ತು. ತುದಿಯಲ್ಲಿ ಅಂಗೈಯಗಲದ ಹಳದಿ ಹೂವು ಅರಳಿತ್ತು.

ಡಾಕ್ಟರ ಕಿವಿ ಕೆಂಪಾಯಿತು. “ಅದು ತಾನಾಗೇ ಹುಟ್ಟಿದ್ದು. ಕಿತ್ತು ಹಾಕೋಣ ಅಂತಿದ್ದೆ. ಪುರಸೊತ್ತಾಗ್ಲಿಲ್ಲ.”

“ಮೂರು ವರ್ಷದಿಂದ್ಲೂನಾ?” ಎಂದಳು ಅವಳು.

ಅವಳಿಗೆ ನಗು ಬಂತು. ನಗುತ್ತ ನಗುತ್ತಲೇ, ಬೆಳಗಿನಿಂದ ಬಾರದಿದ್ದ ಅಳುವೂ ಬಂತು.

“ಸ್ವಲ್ಪ ಇಳಿಸ್ರಪ್ಪಾ,” ಎಂದಳು.

ಪೆಟ್ಟಿಗೆಯನ್ನು ಹುಲ್ಲಿನ ಮೇಲೆ ಇಳಿಸಿದರು. ಡಾಕ್ಟರು ಕೋಟಿನಲ್ಲೇ ಮಂಡಿಯೂರಿ ಕೂತು, ದಾರದ ಗಂಟು ಸಡಿಲಿಸಿ, ಹೂವಿನ ಮುಖವನ್ನು ಮೆಲ್ಲಗೆ ಪೆಟ್ಟಿಗೆಯ ಕಡೆಗೆ ತಿರುಗಿಸಿದರು.