ದೊಡ್ಡಪ್ಪನ ಮುಖ ಕಾಣದ ಕ್ಯಾಮೆರಾ

ನಮ್ಮ ಲಾಂಡ್ರಿಯಿಂದ ಒಂದು ಕೋಟು ಕಾಣೆಯಾಯಿತು. ಅಂಗಡಿ ಇಟ್ಟವರಿಗೆ ಇದು ಹೊಸ ತಲೆನೋವೇನಲ್ಲ. ಸಾಮಾನು ಹೋಗುತ್ತದೆ, ಗಿರಾಕಿಯ ಬೈಗುಳ ಬರುತ್ತದೆ, ಮನೆಯಲ್ಲಿ ಒಂದೆರಡು ದಿನ ಯಾರಿಗೂ ಊಟ ಸೇರುವುದಿಲ್ಲ. ಆದರೆ ಈ ಸಲ ಕೋಟಿನ ಹಿಂದೆಯೇ ನಮ್ಮ ಇಸ್ತ್ರಿ ದೊಡ್ಡಪ್ಪನೂ ಅಂಗಡಿ ಬಿಟ್ಟು ಹೋದರು. ನಿಮಗೆ ಹೇಳಬೇಕಾಗಿರುವುದು ಅದನ್ನೇ.

ದೊಡ್ಡಪ್ಪ ನಮಗೆ ರಕ್ತಸಂಬಂಧವಲ್ಲ. ಅಪ್ಪ ಅಂಗಡಿ ತೆರೆದ ದಿನದಿಂದ ಇಸ್ತ್ರಿ ಮೇಜಿನ ಮುಂದೆ ನಿಂತವರು. ನಾನು, ನನ್ನ ತಮ್ಮ ಹುಟ್ಟಿದ್ದು ಆಮೇಲೆ. ಆಗ ಇದ್ದಿದ್ದು ಕೆಂಡದ ಇಸ್ತ್ರಿಪೆಟ್ಟಿಗೆ. ಬೆಳಗಾದರೆ ಅವರು ಇದ್ದಿಲು ತುಂಬಿ, ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದರು. ಬಟ್ಟೆಗೆ ನೀರು ಚಿಮುಕಿಸಿ ಪೆಟ್ಟಿಗೆ ಇಟ್ಟರೆ ಚುಯ್ ಅನ್ನುತ್ತಿತ್ತು. ಬಿಸಿ ಹತ್ತಿಬಟ್ಟೆಯ ಆ ವಾಸನೆ ಈಗೆಲ್ಲಿದೆ ಹೇಳಿ! ಶಾಲೆ ಬಿಟ್ಟು ಬಂದವಳು ನಾನು ಇಸ್ತ್ರಿಯಾದ ಚಾದರಗಳ ಮೇಲೆ ಬೆಚ್ಚಗೆ ಮಲಗಿಬಿಡುತ್ತಿದ್ದೆ. ಅಪ್ಪ ರೇಗಿದರೆ ದೊಡ್ಡಪ್ಪ, "ಮಲಗಲಿ ಬಿಡೋ, ಮತ್ತೆ ಇಸ್ತ್ರಿ ಹಾಕೋನು ನಾನು ತಾನೇ?" ಅನ್ನುತ್ತಿದ್ದರು.

ನಮ್ಮ ಅಂಗಡಿಗೆ ಇನ್ನೊಂದು ವಾಡಿಕೆಯಿತ್ತು. ಒಗೆದು ಇಸ್ತ್ರಿಯಾದ ಬಟ್ಟೆಯನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಬಾಗಿಲ ಪಕ್ಕದ ಹಲಗೆಯ ಮೇಲೆ ಇಡುತ್ತಿದ್ದೆವು. ಒಂದೊಂದು ಮನೆಗೆ ಒಂದೊಂದು ಬಣ್ಣದ ದಾರ. ಹಳೇ ಗಿರಾಕಿಗಳು ಯಾರನ್ನೂ ಕೇಳದೆ ತಮ್ಮ ಬಣ್ಣ ನೋಡಿ, ಗಂಟು ಎತ್ತಿಕೊಂಡು, "ಹೋಗ್ತೀನಪ್ಪೋ" ಎಂದು ಕೂಗಿ ಹೊರಡುತ್ತಿದ್ದರು. ಅಪ್ಪನಿಗೆ ಆ ಹಲಗೆ ಎಂದರೆ ಹೆಮ್ಮೆ. ನನಗೂ ಅಷ್ಟೇ, ಸುಳ್ಳು ಯಾಕೆ ಹೇಳಲಿ?

ಕ್ಯಾಮೆರಾ ಬಂದಿದ್ದು ಎಷ್ಟೋ ವರ್ಷಗಳ ಹಿಂದೆ. ಎದುರು ಸಾಲಿನಲ್ಲಿ ರೇಡಿಯೋ ರಿಪೇರಿ ಅಂಗಡಿಯಿತ್ತು. ಅದರ ಮಾಲೀಕರನ್ನು ನಾವು ರೇಡಿಯೋ ಮಾಮ ಅನ್ನುತ್ತಿದ್ದೆವು. ರೇಡಿಯೋಗಳನ್ನು ಕೇಳುವವರಿಲ್ಲದ ಕಾಲ ಬಂದಾಗ ಮಾಮ ಕ್ಯಾಮೆರಾ ಕೂರಿಸುವ ಕೆಲಸ ಕಲಿತರು. ಮೊದಲ ಕೆಲಸ ನಮ್ಮ ಅಂಗಡಿಯದೇ. ಏಣಿ ಹತ್ತಿ, ತೊಲೆಯ ಗುಂಟ ವೈರನ್ನು ನೇರವಾಗಿ ಎಳೆದು, ಬಾಗಿಲಿಗೊಂದು, ಒಗೆಯುವ ಕೋಣೆಗೊಂದು, ಹಿತ್ತಿಲಿಗೊಂದು ಕ್ಯಾಮೆರಾ ಕೂರಿಸಿದರು. ಕೆಲಸ ಮಾಡುತ್ತಾ ಹಾಡಿದ್ದೇ ಹಾಡಿದ್ದು. ಪಾಪ, ಈಗ ಅವರಿಲ್ಲ. ಅವರು ಹೋದ ಮೇಲೆ ಆ ಕ್ಯಾಮೆರಾಗಳ ಕಡೆ ಯಾರೂ ಕತ್ತೆತ್ತಿ ನೋಡಿರಲಿಲ್ಲ.

ಕೋಟು ಒಬ್ಬ ತಾಯಿಯದು. ತೀರಿಕೊಂಡ ಗಂಡನ ಕೋಟನ್ನು ಮಗನ ಮದುವೆಗೆಂದು ಒಗೆಯಲು ಕೊಟ್ಟಿದ್ದರು. ಒಯ್ಯಲು ಬಂದರೆ ಹಲಗೆಯ ಮೇಲೆ ಅವರ ಹಸಿರು ದಾರದ ಗಂಟೇ ಇಲ್ಲ. ಆಕೆ ಬೈಯಲಿಲ್ಲ, ಅಲ್ಲೇ ಕುಳಿತು ಅತ್ತುಬಿಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ತಮ್ಮ ಓಡಿಹೋಗಿ ಹಳೇ ರೆಕಾರ್ಡಿಂಗ್ ಹಾಕಿದ. ನಾವೆಲ್ಲ ಪರದೆಗೆ ಮೂಗು ತಾಗಿಸಿ ನೋಡಿದೆವು. ಏನು ಕಾಣಬೇಕು, ಮಣ್ಣು! ಬಾಗಿಲ ಆಚೆಯ ಬಿಸಿಲು ಬೆಳ್ಳಗೆ ಹೊಳೆಯುತ್ತಿತ್ತು. ಒಳಗೆ ಬಂದ ಮನುಷ್ಯ ಬರೀ ಕಪ್ಪು ಆಕಾರ. ಸಾಲದ್ದಕ್ಕೆ ಇಸ್ತ್ರಿಯ ಹಬೆ ಕೂತು ಕೂತು ಕ್ಯಾಮೆರಾದ ಗಾಜೇ ಮಂಜಾಗಿತ್ತು. ಆ ಆಕಾರ ಗಂಟನ್ನು ಎತ್ತಿಕೊಂಡು, ಸ್ವಲ್ಪ ಎಡಕ್ಕೆ ವಾಲಿ ನಡೆದುಹೋಯಿತು.

ತಮ್ಮನ ಬಾಯಿ ಸುಮ್ಮನಿರಬೇಕಲ್ಲ. "ಅಕ್ಕಾ, ನಡಿಗೆ ನೋಡು. ನಮ್ಮ ದೊಡ್ಡಪ್ಪನ ಥರಾನೇ ಇದೆ ಅಲ್ವಾ?" ಅಂದ.

"ನಾಲಿಗೆ ಬಿಗಿ ಹಿಡಿಯೋ!" ಎಂದು ನಾನು ಚೀರಿದೆ. ಅಷ್ಟರಲ್ಲಿ ಮಾತು ಇಸ್ತ್ರಿ ಮೇಜನ್ನು ಮುಟ್ಟಿತ್ತು. ದೊಡ್ಡಪ್ಪ ಒಂದು ಮಾತೂ ಆಡಲಿಲ್ಲ. ಅರ್ಧ ಇಸ್ತ್ರಿಯಾಗಿದ್ದ ಅಂಗಿಯನ್ನು ಮುಗಿಸಿ, ಮಡಿಸಿ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಅಪ್ಪ ಹಿಂದೆ ಓಡಿದರೂ ತಿರುಗಿ ನೋಡಲಿಲ್ಲ.

ಕೆಲವು ದಿನ ಕಳೆದ ಮೇಲೆ ಕೋಟು ತಾನಾಗಿಯೇ ಬಂತು. ಊರಿಗೆ ಹೊಸದಾಗಿ ಬಂದಿದ್ದ ಒಬ್ಬ ಡ್ರೈವರ್, "ಕ್ಷಮಿಸಿ, ಇದು ನಮ್ಮ ಗಂಟಲ್ಲ, ಕೆಲಸದ ಮೇಲೆ ದೂರ ಹೋಗಿದ್ದೆ, ಬಿಚ್ಚಿ ನೋಡಿದ್ದೇ ಇವತ್ತು" ಎಂದು ತಂದುಕೊಟ್ಟ. ಅವನಿಗೆ ಕೊಟ್ಟಿದ್ದೂ ಹಸಿರು ದಾರ! ಅವನ ಬಟ್ಟೆ ಇನ್ನೂ ಇಸ್ತ್ರಿಯಾಗದೆ ಒಳಗೇ ಇತ್ತು. ಹೊಸ ಗಿರಾಕಿಗೆ ಇದ್ದ ಬಣ್ಣವನ್ನೇ ಮತ್ತೆ ಕೊಟ್ಟ ಬುದ್ಧಿವಂತ ಯಾರು ಅಂತೀರಿ? ನನ್ನ ತಮ್ಮನೇ. ಅವನ ಮುಖ ನೋಡುವ ಹಾಗಿರಲಿಲ್ಲ.

ಅಪ್ಪ, ತಮ್ಮ, ನಾನು ಮೂವರೂ ದೊಡ್ಡಪ್ಪನ ಮನೆಗೆ ಹೋದೆವು. ಅವರು ಹೊಸ್ತಿಲ ಮೇಲೆ ಕುಳಿತು ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ತಮ್ಮ ಹೋದವನೇ ಕಾಲು ಹಿಡಿದ. "ತಪ್ಪಾಯ್ತು ದೊಡ್ಡಪ್ಪ. ಕೋಟು ಸಿಕ್ತು. ನೀವು ಬನ್ನಿ."

"ಏಳೋ, ಏಳು. ನಿನ್ನ ಚಡ್ಡಿಗೂ ಇಸ್ತ್ರಿ ಹಾಕಿದೋನು ನಾನು, ನಿನ್ನ ಮೇಲೇನು ಕೋಪ?" ಎಂದು ದೊಡ್ಡಪ್ಪ ಅವನ ತಲೆ ಸವರಿದರು. ಆಮೇಲೆ ಕೇಳಿದರು, "ಕೋಟು ಸಿಕ್ತು, ಸಂತೋಷ. ಸಿಗದೇ ಇದ್ದಿದ್ರೆ?"

ನನಗೆ ಅಳು ತಡೆಯಲಾಗಲಿಲ್ಲ.

"ಆ ಹಾಳು ಕ್ಯಾಮೆರಾ ಬಂದಿದ್ದಕ್ಕೇ ಇಷ್ಟೆಲ್ಲ ಆಯ್ತು. ನಂಬಿಕೆ ಮೇಲೆ ನಡೆದ ಅಂಗಡಿ ನಮ್ದು. ನಾಳೆನೇ ಎಲ್ಲಾ ಕಿತ್ತು ಬಿಸಾಕ್ತೀನಿ, ನೀನು ಬಾರೋ" ಅಂದರು ಅಪ್ಪ.

"ಕೀಳಬೇಡ. ಕಿತ್ತುಹಾಕಿದ್ರೆ ನಾಳೆ ಇನ್ನೊಂದು ಕೋಟು ಹೋದಾಗ್ಲೂ ನನ್ನ ಮುಖಾನೇ ನೋಡ್ತೀರಿ. ಮುಖ ಕಾಣೋ ಅಂಥದ್ದು ಹಾಕು. ಬೇಕಾದ್ರೆ ಮೊದ್ಲು ನನ್ನ ಮೇಜಿನ ಮೇಲೇ ಹಾಕು. ಹಾಕಿಯಾದ್ಮೇಲೆ ಹೇಳಿಕಳಿಸು, ಬರೋದು ಆಮೇಲೆ ನೋಡೋಣ."

ಅಂದರೆ ಈಗ ಕ್ಯಾಮೆರಾ ಸರಿಯಾಗಿ ಆರಿಸದಿದ್ದರೆ ದೊಡ್ಡಪ್ಪ ಬರುವುದಿಲ್ಲ.

ಯಾರನ್ನು ಕೇಳುವುದು? ರೇಡಿಯೋ ಮಾಮನ ಮಗಳು ನನ್ನ ಬಾಲ್ಯದ ಗೆಳತಿ. ತನ್ನ ಅಪ್ಪನ ಅಂಗಡಿಯಲ್ಲೇ ಈಗ ಅವಳು ಕ್ಯಾಮೆರಾ ಕೆಲಸ ಮಾಡುತ್ತಾಳೆ. ಕರೆದ ಕೂಡಲೇ ಬಂದಳು. ತಮ್ಮ ಅವಳ ಮುಂದೆ ಫೋನು ಹಿಡಿದ. "ಅಕ್ಕಾ, ಈ ಹಳೇ ಅನಲಾಗ್ ಎಲ್ಲಾ ಗುಜರಿಗೆ ಹಾಕಿಬಿಡಿ. ಎಲ್ಲಾ ಕಡೆ ನೆಟ್‌ವರ್ಕ್ ಕ್ಯಾಮೆರಾ. ಇದೇ ಬೆಸ್ಟ್ ಅಂತೆ."

"ಅಂತೆ ಕಂತೆ ಬಿಡೋ. ಎರಡಕ್ಕೂ ಏನು ವ್ಯತ್ಯಾಸ, ಗೊತ್ತಾ?"

ತಮ್ಮ ತಲೆ ಕೆರೆದುಕೊಂಡ. ಅವಳು ಸ್ಟೂಲ್ ಎಳೆದುಕೊಂಡು ಕುಳಿತಳು.

"ಅನಲಾಗ್ ಕ್ಯಾಮೆರಾ ಕಂಡಿದ್ದನ್ನ ವೈರಿನಲ್ಲಿ ಹಾಗೇ ಕಳಿಸುತ್ತೆ. ಅದನ್ನ ಸರಿಮಾಡಿ ಉಳಿಸಿಡೋ ಕೆಲಸವೆಲ್ಲ ರೆಕಾರ್ಡರ್‌ದು. ನೆಟ್‌ವರ್ಕ್ ಕ್ಯಾಮೆರಾ ಹಾಗಲ್ಲ, ಅದರೊಳಗೇ ಒಂದು ಪುಟ್ಟ ಕಂಪ್ಯೂಟರ್ ಇದೆ. ಚಿತ್ರಾನ ತಾನೇ ಸಿದ್ಧಮಾಡಿ ಕಳಿಸುತ್ತೆ. ಒಳ್ಳೇದು ತಗೊಂಡ್ರೆ ದೊಡ್ಡದು ಮಾಡಿ ನೋಡಿದ್ರೂ ಮುಖ ಮಸುಕಾಗಲ್ಲ. ಅದಕ್ಕೆಂದೇ ಬರೋ ಸ್ವಿಚ್ ಡಬ್ಬ ಜೊತೆಗಿದ್ರೆ ಕರೆಂಟು, ಚಿತ್ರ ಎರಡಕ್ಕೂ ಒಂದೇ ವೈರು ಸಾಕು."

"ನಾನು ಹೇಳ್ಲಿಲ್ವಾ!" ಎಂದು ತಮ್ಮ ಕುಣಿದ.

"ತಡಿಯೋ. ಖರ್ಚು ಜಾಸ್ತಿ. ಹೊಸ ವೈರು ಎಳೀಬೇಕು. ಅನಲಾಗಲ್ಲೂ ಈಗ ಸ್ಪಷ್ಟವಾಗಿ ಕಾಣೋ ಹೊಸ ಕ್ಯಾಮೆರಾ ಬಂದಿವೆ, ಹಳೇ ವೈರು ಗಟ್ಟಿಯಾಗಿದ್ರೆ ಅದಕ್ಕೇ ಸಿಕ್ಕಿಸಬಹುದು. ಅದಕ್ಕೇ ಯಾವುದು ಬೆಸ್ಟ್ ಅಂತ ಕೇಳಬೇಡ. ಎಲ್ಲಿ ಏನು ಕಾಣಬೇಕು, ಅದನ್ನ ಹೇಳು."

ಹಾಗೆಂದು ನಮ್ಮನ್ನೆಲ್ಲ ಎಬ್ಬಿಸಿ ಅಂಗಡಿ ಸುತ್ತಿಸಿದಳು. ಒಗೆಯುವ ಕೋಣೆಯಲ್ಲಿ ನಿಂತು, "ಇಲ್ಲಿ ಏನು ನೋಡಬೇಕು ಮಾಮ?" ಅಂತ ಅಪ್ಪನನ್ನು ಕೇಳಿದಳು.

"ಇಲ್ಲೇನಮ್ಮ? ಯಾರಾದ್ರೂ ಇದಾರಾ, ನೀರು ತುಂಬಿ ಹರೀತಿದೆಯಾ, ಅಷ್ಟು ಗೊತ್ತಾದ್ರೆ ಸಾಕು."

"ಹಾಗಾದ್ರೆ ಅನಲಾಗ್ ಧಾರಾಳ ಸಾಕು. ಹಿತ್ತಿಲಿಗೂ ಅದೇ."

ತೊಲೆಯ ಕೆಳಗೆ ಬಂದವಳು ತನ್ನ ಅಪ್ಪ ಎಳೆದ ವೈರನ್ನು ನೋಡುತ್ತಾ ನಿಂತುಬಿಟ್ಟಳು. "ಎಷ್ಟು ನೀಟಾಗಿ ಎಳೆದಿದಾರೆ ನೋಡೇ. ನಾನು ಏಣಿ ಹಿಡ್ಕೊಂಡಿದ್ದೆ" ಎಂದಳು. ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ. ರೇಡಿಯೋ ಮಾಮ ಆವತ್ತು ಹಾಡಿದ್ದು ಈಗಲೂ ಕಿವಿಯಲ್ಲಿದೆ.

ಹಾಗೆಂದು ಅವಳು ಕೆಲಸ ಬಿಡಲಿಲ್ಲ. ಒಂದೊಂದೇ ವೈರನ್ನು ಪರೀಕ್ಷಿಸಿದಳು. ಹಿತ್ತಿಲಿನದೂ ಒಗೆಯುವ ಕೋಣೆಯದೂ ಗಟ್ಟಿಯಾಗಿದ್ದವು. ಬಾಗಿಲ ಕಡೆಯದು ಹಬೆಗೆ ತುಕ್ಕು ಹಿಡಿದಿತ್ತು. ಅಪ್ಪ, "ಅವನ ನೆನಪಿಗೆ ಇರಲಿ ಬಿಡಮ್ಮ" ಎಂದರು. ಅವಳು ಕೇಳಲಿಲ್ಲ. "ನೆನಪಿಗೆ ಬೇಕಾದ್ರೆ ಒಂದು ತುಂಡು ಮನೇಲಿ ಇಟ್ಕೊಳ್ಳಿ ಮಾಮ, ಬಾಗಿಲಿಗೆ ಬೇಡ" ಎಂದು ಕತ್ತರಿಸಿಯೇ ಬಿಟ್ಟಳು.

"ಬಾಗಿಲಿಗೂ ಹಲಗೆಗೂ ನೆಟ್‌ವರ್ಕ್ ಕ್ಯಾಮೆರಾ ಹಾಕೋಣ. ಇಲ್ಲಿ ಮುಖಾನೂ ಕಾಣಬೇಕು, ದಾರದ ಬಣ್ಣಾನೂ ಕಾಣಬೇಕು. ಬಿಸಿಲಿಗೆ ಎದುರಾಗಿದ್ರೂ ಮುಖ ಕಪ್ಪಾಗದಂಥದ್ದು ಸಿಗುತ್ತೆ. ಮಾಡಿಗೆ ಏರಿಸಬಾರದು, ನೆತ್ತಿ ಬಿಟ್ಟು ಏನೂ ಕಾಣಲ್ಲ. ಪಕ್ಕದಲ್ಲಿ, ಸ್ವಲ್ಪ ಕೆಳಗೆ, ಹಬೆ ತಾಗದ ಕಡೆ. ಇನ್ನು ಎರಡು ಥರದ ಕ್ಯಾಮೆರಾನೂ ಒಟ್ಟಿಗೆ ತಗೊಳ್ಳೋ ರೆಕಾರ್ಡರ್ ಇದೆ, ಒಂದೇ ಸಾಕು."

ಅಪ್ಪನಿಗೆ ಇನ್ನೂ ಅನುಮಾನ. "ಇಂಟರ್ನೆಟ್ ಹೋದ್ರೆ ಇದು ಕುರುಡಾಗುತ್ತಾ?"

"ಫೋನಲ್ಲಿ ಕಾಣಲ್ಲ, ಅಷ್ಟೇ ಮಾಮ. ರೆಕಾರ್ಡರ್ ಅಂಗಡೀಲೇ ಇರುತ್ತಲ್ಲ, ಅದರ ಪಾಡಿಗೆ ಅದು ಉಳಿಸಿಡ್ತಾ ಇರುತ್ತೆ. ಕರೆಂಟ್ ಹೋದ್ರೆ ಮಾತ್ರ ಎರಡು ಥರದ ಕ್ಯಾಮೆರಾನೂ ಕುರುಡು. ಅದಕ್ಕೆ ಬ್ಯಾಟರಿ ಇಡೋಣ."

"ಯಾರೋ ಕಳ್ಳ ಕೂತಲ್ಲೇ ಫೋನಲ್ಲಿ ನಮ್ಮ ಅಂಗಡಿ ನೋಡಿಬಿಟ್ರೆ?"

"ಅದೂ ಸರಿಯಾದ ಪ್ರಶ್ನೆನೇ. ಡಬ್ಬದ ಜೊತೆ ಬಂದ ಪಾಸ್‌ವರ್ಡನ್ನೇ ಇಟ್ಕೊಂಡ್ರೆ, ಬೀಗ ಹಾಕಿ ಕೀಲಿ ಅಲ್ಲೇ ನೇತುಹಾಕಿದ ಹಾಗೆ. ಮೊದಲನೇ ದಿನಾನೇ ಬದಲಾಯಿಸಬೇಕು. ಕಂಪನಿಯೋರು ಆಗಾಗ ಕಳಿಸೋ ಅಪ್‌ಡೇಟನ್ನೂ ಹಾಕ್ತಾ ಇರಬೇಕು. ಫೋನಲ್ಲಿ ನೋಡೋ ಹಾಗೆ ಜೋಡಿಸಿದ್ರೆ ಅನಲಾಗ್ ರೆಕಾರ್ಡರ್‌ಗೂ ಇದೇ ಮಾತು." ಆಮೇಲೆ ತಮ್ಮನ ಕಡೆ ತಿರುಗಿ, "ಕೆಲಸದವರು ಬಟ್ಟೆ ಬದಲಾಯಿಸೋ ಕೋಣೆ ಕಡೆ ಯಾವ ಕ್ಯಾಮೆರಾನೂ ತಿರುಗಬಾರದು. ಇಲ್ಲಿ ಕ್ಯಾಮೆರಾ ಇದೆ ಅಂತ ಬಾಗಿಲಲ್ಲಿ ಬೋರ್ಡ್ ಹಾಕು. ತಿಳೀತಾ?" ಎಂದಳು.

"ತಿಳೀತು ಮಾರಾಯ್ತಿ" ಅಂದ ತಮ್ಮ. ದಾರದ ಬಣ್ಣಗಳನ್ನು ಅವನೇ ಕುಳಿತು ಹೊಸದಾಗಿ ಹಂಚಿದ, ಯಾರೂ ಹೇಳದೆ.

ಕೆಲಸ ಮುಗಿದ ದಿನ ದೊಡ್ಡಪ್ಪನಿಗೆ ಹೇಳಿಕಳಿಸಿದೆವು. ಬರುತ್ತಾರೋ ಇಲ್ಲವೋ ಎಂದು ಅಪ್ಪ ಬಾಗಿಲಲ್ಲೇ ಶತಪಥ ಹಾಕುತ್ತಿದ್ದರು. ಬಂದರು. ಬಿಸಿಲು ಚೆನ್ನಾಗಿ ಏರಿತ್ತು. ಗೆಳತಿ ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ಕೈಗೆ ಒಂದು ಗಂಟು ಕೊಟ್ಟು, "ನಡೆದು ಹೋಗಿ ದೊಡ್ಡಪ್ಪ" ಅಂದಳು. ಅವರು ನಡೆದರು. ಆಮೇಲೆ ಒಳಗೆ ಕರೆದು ಪರದೆಯಲ್ಲಿ ತೋರಿಸಿದಳು.

ಕಾಣುತ್ತಿತ್ತು. ಬಿಳಿ ಗಡ್ಡದ ಕೂದಲು, ಹುಬ್ಬಿನ ಮೇಲೆ ಯಾವತ್ತೋ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ, ಗಂಟಿನ ಹಳದಿ ದಾರ, ಎಲ್ಲವೂ. ದೊಡ್ಡಪ್ಪ ಬಗ್ಗಿ ಬಹಳ ಹೊತ್ತು ತಮ್ಮ ಮುಖವನ್ನೇ ನೋಡಿದರು.

"ಇದು ನಾನು ಅಂತ ಯಾರು ಬೇಕಾದ್ರೂ ಹೇಳ್ತಾರೆ" ಅಂದರು. ಪರದೆಯಿಂದ ಕಣ್ಣು ತೆಗೆದು, "ಆವತ್ತಿಂದು ನಾನಲ್ಲ ಅನ್ನೋಕೆ ನನ್ನ ಹತ್ರ ಬರೀ ಬಾಯಿಮಾತಿತ್ತು. ಈ ವಯಸ್ಸಿಗೆ ಅದೂ ಹೊರಡಲಿಲ್ಲ" ಅಂದರು.

ಅಪ್ಪ ಅವರ ಕೈ ಹಿಡಿದುಕೊಂಡರು. "ನಂಬಿಕೆ ಇದ್ರೆ ಕ್ಯಾಮೆರಾ ಯಾಕೆ ಅಂತಿದ್ದೆ ಕಣೋ. ನಿನ್ನಂಥೋನಿಗೇ ಇದು ಬೇಕಾಗಿತ್ತು."

"ಸರಿ ಸರಿ, ಬಟ್ಟೆ ರಾಶಿ ಬಿದ್ದಿದೆ" ಎಂದು ದೊಡ್ಡಪ್ಪ ಕೈ ಬಿಡಿಸಿಕೊಂಡು ಮೇಜಿನ ಕಡೆ ಹೋದರು. ಈಗಿನದು ಕರೆಂಟಿನ ಪೆಟ್ಟಿಗೆ, ಕೆಂಡವೂ ಇಲ್ಲ, ಹೊಗೆಯೂ ಇಲ್ಲ. ಆದರೂ ಅವರು ನೀರು ಚಿಮುಕಿಸಿದಾಗ ಅದೇ ಹಳೇ ವಾಸನೆ ಬಂತು ಎಂದರೆ ನೀವು ನಂಬಬೇಕು.

ಅಂಗಡಿ, ಗೋದಾಮು, ಕಾರ್ಖಾನೆ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೆ ಒಂದೇ ಕೋರಿಕೆ. ಕ್ಯಾಮೆರಾ ಕೊಳ್ಳುವ ಮೊದಲು ಅಂಗಡಿಯನ್ನು ಒಂದು ಸುತ್ತು ನಡೆದು ನೋಡಿ. ಯಾರಿದ್ದಾರೆ, ಏನಾಗುತ್ತಿದೆ ಎಂದು ತಿಳಿದರೆ ಸಾಕಾಗುವ ಕಡೆ, ಹಳೇ ವೈರು ಗಟ್ಟಿಯಾಗಿದ್ದರೆ, ಹೊಸ ಅನಲಾಗ್ ಕ್ಯಾಮೆರಾ ಹಾಕಿಸಿ. ಮುಖವನ್ನೋ ಬಣ್ಣವನ್ನೋ ಖಚಿತವಾಗಿ ಗುರುತಿಸಬೇಕಾದ ಕಡೆ ಕೈ ಬಿಗಿ ಮಾಡದೆ ಒಳ್ಳೆಯ ನೆಟ್‌ವರ್ಕ್ ಕ್ಯಾಮೆರಾ ಹಾಕಿಸಿ. ಪಾಸ್‌ವರ್ಡ್ ಬದಲಾಯಿಸಿ, ಗಾಜು ಒರೆಸಿ, ಆಗಾಗ ರೆಕಾರ್ಡಿಂಗ್ ತೆರೆದು ನೋಡುತ್ತಿರಿ. ಈ ಹಾಳೆಯನ್ನು ಕೆಳಗಿಟ್ಟ ಕೂಡಲೇ ನಿನ್ನೆಯ ರೆಕಾರ್ಡಿಂಗ್ ಹಾಕಿ. ನಿಮ್ಮ ಬಾಗಿಲಲ್ಲಿ ನಿಂತವರು ಯಾರೆಂದು ನಿಮಗೇ ಗುರುತು ಸಿಗದಿದ್ದರೆ, ಇವತ್ತೇ ಏನಾದರೂ ಮಾಡಿ. ನಮ್ಮ ಕೋಟು ಸಿಕ್ಕಿತು, ದೊಡ್ಡಪ್ಪ ಬಂದರು. ನಿಮ್ಮದು ಸಿಗದೇ ಹೋದರೆ?